ಚೈತ್ರಶ್ರೀಯ ತೋಳಿನ ಆರು ಅಕ್ಷರ

ಆಲೂರಿನ ಚಂದ್ರಶೇಖರ ಗೌಡರ ಮಗಳು ಚೈತ್ರಶ್ರೀ ಹಾಸನದಲ್ಲಿ ಬಿ.ಎ. ಓದುತ್ತಿದ್ದಾಗ, ಸಕಲೇಶಪುರದಿಂದ ಬರುವ ಬಸ್ಸಿನಲ್ಲಿ ಅಭಿಲಾಷ್ ಅವಳಿಗೊಂದು ಸೀಟು ಹಿಡಿದಿರುತ್ತಿದ್ದ. ಸಕಲೇಶಪುರದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಬಸವರಾಜು ಅವರ ಮಗ ಅವನು. ಜಾತಿ ಬೇರೆ. ಮನೆಯಲ್ಲಿ ತಿಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿದ್ದುದರಿಂದ, ಬಸ್ಸಿಳಿದ ಮೇಲೆ ಅವರು ಪರಿಚಯವೇ ಇಲ್ಲದವರಂತೆ ನಡೆದುಹೋಗುತ್ತಿದ್ದರು.

ತೊಂಬತ್ತೆಂಟರ ದಸರಾ ರಜೆಯಲ್ಲಿ ಅಭಿಲಾಷ್ ಗೆಳೆಯರೊಂದಿಗೆ ಗೋಕರ್ಣಕ್ಕೆ ಹೋಗಿಬಂದ. ಕಾಲೇಜು ಶುರುವಾದ ದಿನ ಬಸ್ಸಿನ ಮಬ್ಬಾದ ಗಾಜಿನ ಮೇಲೆ ಬೆರಳಿನಿಂದ ಏನೋ ಬರೆದ, ಬಲದಿಂದ ಎಡಕ್ಕೆ. ಒಟ್ಟು ಆರು ಅಕ್ಷರ. ಕೊನೆಯದು ಮೂರು ನಾಲಗೆಯ ಉರಿಯ ಹಾಗಿತ್ತು.

"ಏನೋ ಇದು?"

"ನನ್ ಹೆಸ್ರು. ಹೀಬ್ರೂ ಲಿಪಿ. ಇಸ್ರೇಲಿನವ್ನೊಬ್ಬ ಕಲಿಸ್ಕೊಟ್ಟ. ಮಿಲಿಟ್ರಿ ಮುಗಿಸ್ಕೊಂಡು ಬಂದಿದ್ದ, ಮೈತುಂಬ ಹಚ್ಚೆ ಕಣೇ. ಇದ್ರಲ್ಲಿ ಬರೆದ್ರೆ ನಮ್ ಕಡೆ ಒಬ್ರಿಗೂ ಓದಕ್ಕಾಗಲ್ಲ. ಮದ್ವೆ ಆದಾಗ ನೀನು ನನ್ ಹೆಸ್ರು ಹಾಕಿಸ್ಕೋ, ನಾನು ನಿಂದು ಹಾಕಿಸ್ಕೋತೀನಿ."

"ಮದ್ವೆ ಆದ್ಮೇಲೆ ಮುಚ್ಚಿಡೋದ್ಯಾಕೆ? ಕನ್ನಡದಲ್ಲೇ ಹಾಕಿಸ್ಕೊಂಡ್ರಾಯ್ತು," ಎಂದು ಅವಳು ನಕ್ಕಳು. ಆದರೂ ಆ ಚಳಿಗಾಲವೆಲ್ಲ ಗಾಜಿನ ಮೇಲೆ ಬರೆದು ಬರೆದು ಅವನ ಹೆಸರನ್ನು ಕಲಿತಳು.

ಮರುವರ್ಷದ ಮಳೆಗಾಲದಲ್ಲಿ, ಅಂಗಡಿಯ ಕೆಲಸಕ್ಕೆಂದು ಬೈಕಿನಲ್ಲಿ ಮಂಗಳೂರಿಗೆ ಹೊರಟಿದ್ದ ಅಭಿಲಾಷ್ ಶಿರಾಡಿ ಘಾಟಿಯ ತಿರುವಿನಲ್ಲಿ ಟ್ಯಾಂಕರಿನಡಿ ಸಿಕ್ಕಿ ಸತ್ತ. ಚೈತ್ರಶ್ರೀಗೆ ಅದು ಗೊತ್ತಾದದ್ದು ಬಸ್ಸಿನಲ್ಲಿ, ಹಿಂದಿನ ಸೀಟಿನ ಹುಡುಗರ ಮಾತಿನಿಂದ. ಅವತ್ತು ಅವಳು ಕ್ಲಾಸಿಗೆ ಹೋದಳು. ನೋಟ್ಸ್ ಬರೆದುಕೊಂಡಳು. ಸಂಜೆ ಮನೆಗೆ ಬಂದು ದನದ ಕೊಟ್ಟಿಗೆಯಲ್ಲಿ ನಿಂತು ಅಳಬೇಕೆನ್ನುವಷ್ಟರಲ್ಲಿ ಅಮ್ಮ ಹಾಲು ಕರೆಯಲು ಬಂದರು. ಅವನು ಅವಳಿಗೆ ಏನಾಗಬೇಕಿತ್ತೆಂದು ಲೋಕಕ್ಕೆ ಗೊತ್ತಿರಲಿಲ್ಲವಾದ್ದರಿಂದ ಅವಳ ದುಃಖಕ್ಕೂ ಒಂದು ಹೆಸರಿರಲಿಲ್ಲ.

ಕೆಲವು ವಾರಗಳ ಮೇಲೆ ಅವಳು ಸಕಲೇಶಪುರದ ಸಂತೆಗೆ ಹೋದಳು. ಅಲ್ಲಿ ಗಂಗಾಮಣಿ ಎಂಬ ಹೆಂಗಸು ಬ್ಯಾಟರಿ ಮೆಷಿನ್ನಿಟ್ಟುಕೊಂಡು ಹಚ್ಚೆ ಹುಯ್ಯುತ್ತಿದ್ದಳು. ಚೈತ್ರಶ್ರೀ ತೋಳಿನ ಒಳಮಗ್ಗುಲಲ್ಲಿ ಬಾಲ್‌ಪೆನ್ನಿನಿಂದ ತಾನೇ ಅಕ್ಷರ ಬರೆದು ತೋರಿಸಿದಳು.

"ಇದ್ಯಾವ ಬಾಸೆ ತಾಯಿ? ದೇವ್ರ ಹೆಸ್ರಾ?"

"ಹೂಂ."

ಸೂಜಿ ಇಳಿಯುತ್ತಿದ್ದಂತೆ ಅವಳು ಅಳತೊಡಗಿದಳು. ಆ ಹಾಳು ಸುದ್ದಿ ಕೇಳಿದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಸಂತೆಯ ಜನ ತಿರುಗಿ ನೋಡಿದರು. ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡು ಮುಂದೆ ಹೋದರು.

ಎರಡು ಸಾವಿರದ ಎರಡರಲ್ಲಿ ಹೊಂಗಡಹಳ್ಳದ ಪ್ರತಾಪನೊಂದಿಗೆ ಅವಳ ಮದುವೆಯಾಯಿತು. ಪ್ರತಾಪ ಸಣ್ಣ ಕಾಫಿ ತೋಟದ ಒಡೆಯ. ಕುಡಿಯುವವನಲ್ಲ, ಮಾತು ಸ್ವಲ್ಪ ಜಾಸ್ತಿ. ಹೊಸದರಲ್ಲೇ ಒಂದು ದಿನ ತೋಳಿನ ಹಚ್ಚೆ ನೋಡಿ ಏನೆಂದು ಕೇಳಿದ.

"ಹೀಬ್ರೂ ಅಂತ. ಶಾಂತಿ ಅಂತ ಅರ್ಥ. ಕಾಲೇಜಲ್ಲಿ ಫ್ರೆಂಡ್ಸೆಲ್ಲ ಹಾಕಿಸ್ಕೊಂಡ್ವಿ."

ಅವನಿಗೆ ಅದು ಇಷ್ಟವಾಯಿತು. ತನ್ನ ಹೆಂಡತಿ ಓದಿದವಳು ಎಂಬುದಕ್ಕೆ ಅದೊಂದು ಗುರುತು ಎಂಬಂತೆ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ. ಮಕ್ಕಳಾಗಲಿಲ್ಲ. ಕಾಫಿ ರೇಟು ಬಿದ್ದಿದ್ದರಿಂದ ಮನೆಯ ಪಕ್ಕದ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ. ಎಡಕುಮೇರಿಯ ರೈಲುಹಳಿಯ ಮೇಲೆ ನಡೆಯಲು ಬರುವವರು, ಬಿಸಿಲೆಗೆ ಹೋಗುವವರು ಅಲ್ಲಿ ಉಳಿಯುತ್ತಿದ್ದರು. ವಿದೇಶದವರು ಬಂದರೆ ಪ್ರತಾಪ ಹೆಂಡತಿಯನ್ನು ಕರೆದು ತೋಳು ತೋರಿಸುತ್ತಿದ್ದ. "ಪೀಸ್, ಪೀಸ್," ಎನ್ನುತ್ತಿದ್ದ.

ಎರಡು ಸಾವಿರದ ಐದರ ಡಿಸೆಂಬರಿನಲ್ಲಿ ಹುಡುಗ ಹುಡುಗಿಯ ಒಂದು ಜೋಡಿ ಬಂತು. ಊಟಕ್ಕೆ ಕೂತಾಗ ಯಾವ ದೇಶವೆಂದು ಪ್ರತಾಪ ಕೇಳಿದ. ಇಸ್ರೇಲ್ ಎಂದರು. ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದ ಚೈತ್ರಶ್ರೀಗೆ ಅದು ಕೇಳಿಸಿತು.

"ಚೈತ್ರ, ಬಾರೇ ಇಲ್ಲಿ! ನಿನ್ ಕೈಮೇಲಿರೋ ಬಾಸೆಯವರೇ ಬಂದವ್ರೆ!"

"ಒಲೆ ಮೇಲೆ ರೊಟ್ಟಿ ಐತೆ."

"ಅಮ್ಮ ನೋಡ್ಕೋತಾರೆ ಬಾ."

ಅತ್ತೆ ಮೀನಾಕ್ಷಮ್ಮ ಅವಳ ಕೈಯಿಂದ ಸಟ್ಟುಗ ತೆಗೆದುಕೊಂಡರು. ಬೇರೆ ದಾರಿ ಇರಲಿಲ್ಲ. ಪ್ರತಾಪ ತಾನೇ ಅವಳ ರವಿಕೆಯ ತೋಳನ್ನು ಮೇಲೆ ಸರಿಸಿದ. ಆ ಹುಡುಗಿ ಬಗ್ಗಿ ನೋಡಿದಳು. ತನ್ನೂರಿನ ಅಕ್ಷರ ಕಂಡ ಖುಷಿಯಲ್ಲಿ ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದಳು.

"ಅ... ವಿ... ಲಾಶ್. ಅವಿಲಾಶ್? ಅಲ್ಲ, ಅಬಿಲಾಶ್! ಯಾರದೋ ಹೆಸರಲ್ಲವೇ ಇದು?"

ಪ್ರತಾಪನ ಮುಖದಲ್ಲಿ ನಗು ಹಾಗೇ ನಿಂತಿತ್ತು. "ನೋ, ನೋ. ಪೀಸ್," ಎಂದ.

ಪೀಸ್ ಅಂದರೆ ಶಾಲೋಮ್, ಅದನ್ನು ಬರೆಯುವುದು ಬೇರೆ ರೀತಿ ಎಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ತಾನೇನೋ ಎಡವಟ್ಟು ಮಾಡಿದೆನೆಂದು ಅವಳಿಗೂ ಅನಿಸಿರಬೇಕು. ಮೊದಲ ಮೂರು ಅಕ್ಷರವನ್ನಷ್ಟೇ ಓದಿದರೆ 'ಅವಿ' ಆಗುತ್ತದೆ, ಹಾಗೆಂದರೆ ನಮ್ಮಲ್ಲಿ 'ನನ್ನ ಅಪ್ಪ' ಎಂದರ್ಥ, ಇದು ನಿಮ್ಮ ತಂದೆಯವರ ಹೆಸರಿರಬಹುದೇ ಎಂದು ಮೆಲ್ಲಗೆ ಕೇಳಿದಳು. ಚೈತ್ರಶ್ರೀಯ ತಂದೆಯ ಹೆಸರು ಚಂದ್ರಶೇಖರ ಎಂಬುದು ಅಲ್ಲಿದ್ದ ಮನೆಯವರಿಗೆಲ್ಲ ಗೊತ್ತಿತ್ತು. ಅವಳು ತೋಳು ಇಳಿಸಿಕೊಂಡು ಒಳಗೆ ಹೋದಳು.

ಪ್ರತಾಪ ಕೂಗಾಡಲಿಲ್ಲ, ಕೈಯೆತ್ತಲಿಲ್ಲ. ಬೆಳಿಗ್ಗೆ ಅತಿಥಿಗಳನ್ನು ಕಳಿಸಿ ಜೀಪು ಹತ್ತಿದ. ಆಲೂರು, ಹಾಸನ, ಸಕಲೇಶಪುರ ಎಂದು ಸುತ್ತಿದ. ಅವಳ ಜೊತೆ ಓದಿದವರನ್ನು, ಕಾಲೇಜಿನ ಗುಮಾಸ್ತನನ್ನು, ಬಸ್ ಕಂಡಕ್ಟರುಗಳನ್ನು ಕೇಳಿದ. ತಿರುಗಿ ಬಂದ ದಿನ ಅವನು ಜಗಲಿಯಲ್ಲಿ ತಾಯಿಗೆ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು.

"ಸತ್ತೋಗ್ಬುಟ್ಟವ್ನೆ ಕಣಮ್ಮ. ಬದುಕಿದ್ರೆ ಹೋಗಿ ಕುತ್ತಿಗೆಪಟ್ಟಿ ಹಿಡೀತಿದ್ದೆ. ಸತ್ತೋನ ಜೊತೆ ಹೆಂಗೆ ಜಗಳ ಆಡ್ಲಿ ನಾನು?"

ಮೀನಾಕ್ಷಮ್ಮ ಎದ್ದು ಒಳಗೆ ಹೋದರು.

ಮುಂದಿನ ವಾರ ಅವನು ಜೀಪಿನಲ್ಲಿ ಗಂಗಾಮಣಿಯನ್ನು ಕರೆತಂದ. ಆ ಹಚ್ಚೆ ಹುಯ್ದವಳು ಅವಳೇ ಎಂದು ಅವನಿಗೆ ಗೊತ್ತಿರಲಿಲ್ಲ. ಗಂಗಾಮಣಿ ತೋಳು ನೋಡಿದಳು, ಚೈತ್ರಶ್ರೀಯ ಮುಖ ನೋಡಿದಳು, ಸುಮ್ಮನೆ ಮೆಷಿನ್ನಿಗೆ ತಂತಿ ಸಿಕ್ಕಿಸಿದಳು.

"ಇದ್ರ ಮೇಲೆ ಒಂದು ನವಿಲು ಹುಯ್ತೀನಿ ಗೌಡ್ರೆ. ಚೆಂದ ಇರ್ತದೆ."

"ನವಿಲು ಬ್ಯಾಡ. ಮಸಿ ಬಳಿ. ಒಂದು ಗೆರೆನೂ ಕಾಣ್ಬಾರ್ದು."

ಒಂದು ಸಲ ಹುಯ್ದಾಗ ಕೊನೆಯ ಅಕ್ಷರದ ಉರಿ ಇನ್ನೂ ಕಾಣುತ್ತಿತ್ತು. ಮತ್ತೊಂದು ಸಲ ಎಂದ. ಆಮೇಲೆ ಮತ್ತೂ ಒಂದು ಸಲ ಎಂದ. ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಸಾಕು ಬುಡಿ ಬುದ್ಧಿ, ಚರ್ಮ ಹಣ್ಣಾಗ್ಬುಟ್ಟೈತೆ," ಎಂದು ಗಂಗಾಮಣಿ ಮೆಷಿನ್ ಕೆಳಗಿಟ್ಟಳು. "ಇನ್ ನನ್ ಕೈಲಾಗಲ್ಲ."

ಚೈತ್ರಶ್ರೀ ಈ ಸಲ ಅಳಲಿಲ್ಲ.

ತೋಳು ಬಾತುಕೊಂಡು ಕೀವಾಯಿತು. ಪ್ರತಾಪ ಅರಿಶಿನ ಹಚ್ಚು ಎಂದ. ಜ್ವರ ತಲೆಗೇರಿ ಅವಳು ಬಡಬಡಿಸತೊಡಗಿದಾಗ, ಬಾಯಲ್ಲಿ ಯಾವ ಹೆಸರು ಬರುತ್ತದೋ ಎಂದು ಅವನು ಮಂಚದ ಪಕ್ಕದಲ್ಲೇ ಕೂತು ಕಿವಿಗೊಟ್ಟು ಕೇಳುತ್ತಿದ್ದ. ಕೊನೆಗೆ ಮೀನಾಕ್ಷಮ್ಮ, "ಸಾಯ್ಲಿ ಅಂತ ಕಾಯ್ತಾ ಕುಂತಿದ್ದೀಯೇನೋ?" ಎಂದು ಗದರಿದ ಮೇಲೆ ಹಾಸನದ ಆಸ್ಪತ್ರೆಗೆ ಸೇರಿಸಿದ. ಡಾಕ್ಟರು ಕೊಳೆತ ಭಾಗ ಕತ್ತರಿಸಿ ತೆಗೆದರು. ಅದರೊಂದಿಗೆ ಮಸಿಯೂ ಹೋಯಿತು, ಅದರಡಿಯ ಹೆಸರೂ ಹೋಯಿತು. ನರಕ್ಕೆ ಏಟು ಬಿದ್ದು ಆ ಕೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಹಾಗೇ ಉಳಿದವು.

ಆಸ್ಪತ್ರೆಯಿಂದ ಅವಳು ಅಪ್ಪನ ಜೊತೆ ಆಲೂರಿಗೆ ಹೋದಳು. ಬಾಣಂತನಕ್ಕೆಂದು ಬಂದ ತಂಗಿಯ ಎದುರು ಗಂಡನ ಮನೆ ಬಿಟ್ಟ ಅಕ್ಕ ಇರುವುದು ಶುಭವಲ್ಲ ಎಂದು ಅಮ್ಮನೇ ಒಮ್ಮೆ ಅಂದರು. ಚೈತ್ರಶ್ರೀ ಪಕ್ಕದ ಹಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಅಲ್ಲಿನ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳು. ಕೈಗೇನಾಯಿತೆಂದು ಕೇಳಿದವರಿಗೆ ಬಿಸಿ ಎಣ್ಣೆ ಬಿತ್ತು ಎನ್ನುತ್ತಿದ್ದಳು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಪ್ರತಾಪ ಅಂಗನವಾಡಿಗೆ ಬಂದ. ಇಳಿದುಹೋಗಿದ್ದ. ಅಮ್ಮ ತೀರಿಕೊಂಡರು, ಹೋಂಸ್ಟೇ ಮುಚ್ಚಿದೆ ಎಂದ. ಅವಳು ಕಾಫಿ ಕೊಟ್ಟಳು.

"ಮನೆಗೆ ಬರ್ತೀಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಅವನು ಯಾರು ಅಂತ ನೀವು ಊರೂರು ತಿರುಗಿ ಕೇಳಿದ್ರಿ. ನಾನು ಅಡುಗೆಮನೇಲೇ ಇದ್ದೆ. ನನ್ನನ್ನೊಂದು ಮಾತು ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ಯಾ?"

"ಗೊತ್ತಿಲ್ಲ ಕಣ್ರೀ. ಅವತ್ತು ಹೇಳ್ತಿದ್ದೆ ಅನ್ಸುತ್ತೆ."

ಪ್ರತಾಪ ಲೋಟ ಕೆಳಗಿಟ್ಟು ಅವಳ ಕೈಯನ್ನೇ ನೋಡಿದ. ಮುಟ್ಟಬೇಕೆಂದು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ. ಅಂಗನವಾಡಿಯ ಮಕ್ಕಳು ನಿದ್ದೆಯಿಂದೆದ್ದು ಗಲಾಟೆ ಶುರುಮಾಡಿದ್ದರು. ಅವಳು ಒಳಗೆ ಹೋಗಿ ಅವರ ಮುಖ ತೊಳೆಸಿ ಹೊರಬರುವಷ್ಟರಲ್ಲಿ ಜೀಪು ಹೊರಟುಹೋಗಿತ್ತು.