ಟವೆಲ್ಲಿನ ಕೆಳಗೆ ಸಿಕ್ಕ ಕೈ

ದೆವ್ವ, ಗಾಳಿ, ಸೋಂಕು ಎಂದು ಕಥೆ ಹೊಡೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಕೆಲಸವಿಲ್ಲದವರ ಹರಟೆ ಎಂದು ಎದ್ದು ಬಂದುಬಿಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಸಿಟ್ಟು ಬಂದರೆ ಸಹಿಸಿಕೊಳ್ಳಿ, ಅದು ಇನ್ನೂ ಇಳಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಿತ್ತು. ಅವಳ ಒಬ್ಬಳೇ ಮಗಳು ಗಿರಿಜಾ ಆರೇಳು ವರ್ಷದವಳಿದ್ದಾಗ ತೀರಿಕೊಂಡಳು. ಮಗುವಿನ ಬಟ್ಟೆಬರೆಯನ್ನೆಲ್ಲ ಮನೆಯ ಹಿರಿಯರು ಯಾರು ಯಾರಿಗೋ ಕೊಟ್ಟು ಕಳೆದರು. ಅಕ್ಕ ಹಟಮಾಡಿ ಉಳಿಸಿಕೊಂಡದ್ದು ಒಂದು ಚಿತ್ರದ ಪುಸ್ತಕ. ಹಾನಗಲ್ಲಿನಲ್ಲಿ ಬಿಳಿಯ ಸಾಹೇಬರೊಬ್ಬರ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ ನಮ್ಮ ಅಜ್ಜನಿಗೆ ಅವರು ಊರು ಬಿಡುವಾಗ ಕೊಟ್ಟುಹೋದದ್ದು, ಅಕ್ಕ ತವರಿನಿಂದ ಒಯ್ದದ್ದು. ರಟ್ಟಿನಂಥ ದಪ್ಪ ಹಾಳೆಗಳು. ಪ್ರತಿ ಚಿತ್ರದ ಕೆಳಗೆ ಒಂದು ಕಾಗದದ ಪಟ್ಟಿ. ಅದನ್ನು ಎಳೆದರೆ ಮೊಸಳೆ ಬಾಯಿ ತೆರೆಯುತ್ತಿತ್ತು, ಕೋತಿ ಟೋಪಿ ಎತ್ತುತ್ತಿತ್ತು. ಗಿರಿಜಾ ಎಳೆದೆಳೆದು ಮೊಸಳೆಯ ಪಟ್ಟಿ ಹರಿದಿತ್ತು. ಅಕ್ಕ ಅದನ್ನು ಗಂಜಿ ಹಚ್ಚಿ ಅಂಟಿಸಿದ್ದಳು.

ಅಕ್ಕನ ಗಂಡ ನಿಂಗಪ್ಪಮಾವನಿಗೆ ಆಗ ಸೈಕಲ್ಲಿನ ಹುಚ್ಚು. ಮನೆಯಲ್ಲಿ ಉಣ್ಣಲು ಉಡಲು ಏನೂ ಕಡಿಮೆಯಿರಲಿಲ್ಲ. ಆದರೂ, ಇಂಥ ವಿಲಾಯತಿ ಪುಸ್ತಕಕ್ಕೆ ಭಾರಿ ಬೆಲೆಯಿದೆ ಎಂದು ಸಂತೆಯಲ್ಲಿ ಯಾರೋ ಕಿವಿ ಊದಿದ್ದೇ ತಡ, ಅವನ ಕಣ್ಣು ಅಕ್ಕನ ಟ್ರಂಕಿನ ಮೇಲೆ ಬಿತ್ತು. ಅಕ್ಕ ಅತ್ತಳು, ಜಗಳವಾಡಿದಳು. ಕೊನೆಗೆ ಅವನು ದೇವರ ಜಗುಲಿ ಮುಟ್ಟಿ ಹೇಳಿದ: "ಮಾರೂದಿಲ್ಲ. ಕಿಮ್ಮತ್ತು ಎಷ್ಟಂತ ತಿಳ್ಕೊಂಡು ಬರ್ತೇನಿ, ಅಷ್ಟ. ಬೇಕಾದ್ರ ನಿನ್ನ ತಮ್ಮನ್ನ ಜೋಡಿ ಕಳಸು."

ಅಕ್ಕ ನನ್ನ ಮುಖ ನೋಡಿದಳು. "ತಿರಗಿ ತಗೊಂಡು ಬಾರಪಾ," ಎಂದಳು.

ಹಳೆಯ ಪುಸ್ತಕದ ಬೆಲೆಯನ್ನು ಯಾರ ಹತ್ತಿರ ಕೇಳಬೇಕು? ಮಾವನಿಗೆ ಗೊತ್ತಿದ್ದವರು ಎತ್ತಿನ ದಲಾಲಿಗಳು ಮಾತ್ರ. ಅವರಲ್ಲಿ ಮೌಲಾಸಾಬ ಎಂಬಾತ ಸವಣೂರಿನಲ್ಲಿ ಹಳೆಯ ವಾಡೆಗಳ ಗಡಿಯಾರ, ಕನ್ನಡಿ, ಹಂಡೆಗಳನ್ನೂ ಕೊಂಡು ಮಾರುತ್ತಿದ್ದ. ಬಸ್ಸು ಬದಲಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಅವನ ಅಂಗಡಿ ಮುಟ್ಟಿದೆವು. ಅವನು ಏನೇ ಕೊಂಡರೂ ಎತ್ತಿನ ಪೇಟೆಯ ಪದ್ಧತಿಯನ್ನು ಬಿಟ್ಟವನಲ್ಲ. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಒಳಗೇ ಒಬ್ಬರ ಬೆರಳನ್ನು ಒಬ್ಬರು ಒತ್ತಿ ತಿಳಿಸಬೇಕು. ಮಕ್ಕಳ ಪುಸ್ತಕಕ್ಕೂ ಇದೇ ನಾಟಕವೇ ಎಂದು ನನಗೆ ನಗುವೂ ಬಂತು, ರೇಗಿಯೂ ಹೋಯಿತು.

ಮಾವ ಕೈ ಚಾಚಿದ. ಮೌಲಾಸಾಬ ಅದರ ಮೇಲೆ ಟವೆಲ್ ಹಾಕಿ, "ಜರಾ ತಡೀರಿ," ಎಂದು ಪುಸ್ತಕ ತಿರುವತೊಡಗಿದ. ಅಷ್ಟರಲ್ಲಿ ಮಾವ ಚೇಳು ಕಡಿದವರ ಹಾಗೆ ಕೈ ಹಿಂದೆಳೆದುಕೊಂಡ. ಧೋತರಕ್ಕೆ ಒರೆಸಿಕೊಂಡ. "ನೀ ಹಿಡಿ," ಎಂದು ನನ್ನನ್ನು ಮುಂದೆ ನೂಕಿದ.

ನಾನು ಟವೆಲ್ಲಿನೊಳಗೆ ಕೈ ಹಾಕಿದೆ. ಕೂಡಲೇ ಒಂದು ಕೈ ನನ್ನ ತೋರುಬೆರಳನ್ನು ಹಿಡಿಯಿತು. ಒತ್ತಲಿಲ್ಲ, ಬಿಡಲೂ ಇಲ್ಲ. ಸಂತೆಯ ಗದ್ದಲದಲ್ಲಿ ಮಕ್ಕಳು ನಮ್ಮ ಬೆರಳನ್ನು ಮುಷ್ಟಿಯಲ್ಲಿ ಹಿಡಿಯುತ್ತಾರಲ್ಲ, ಹಾಗೆ. ದಲಾಲಿಯ ಕೈ ಇಷ್ಟು ಸಣ್ಣದೇ, ಇಷ್ಟು ಮೆತ್ತಗೇ ಎಂದುಕೊಂಡೆ. "ಇದು ಎಂಥಾ ಲೆಕ್ಕರಿ?" ಎಂದು ತಲೆ ಎತ್ತಿದೆ. ಮೌಲಾಸಾಬನ ಎರಡೂ ಕೈ ಪುಸ್ತಕದ ಮೇಲಿದ್ದವು. ಒಂದರಲ್ಲಿ ಹಾಳೆ ಹಿಡಿದು, ಇನ್ನೊಂದರಿಂದ ಮೊಸಳೆಯ ಪಟ್ಟಿ ಎಳೆಯುತ್ತಿದ್ದ.

"ಯಾವ ಲೆಕ್ಕ? ನಾ ಇನ್ನೂ ಕೈನ ಕೊಟ್ಟಿಲ್ರಿ," ಎಂದ.

ಟವೆಲ್ ಕಿತ್ತೆಸೆದೆ. ಕೆಳಗೆ ನನ್ನ ಕೈಯೊಂದೇ ಇತ್ತು. ಅಂಗಡಿಯಲ್ಲಿ ನಮ್ಮ ಮೂವರನ್ನು ಬಿಟ್ಟರೆ ಯಾರೂ ಇಲ್ಲ. ಹೊರಗೆ ಹಾಡುಹಗಲು. ಎದುರಿನ ಅಂಗಡಿಯವರು ವೀಳ್ಯದೆಲೆಯ ಬುಟ್ಟಿಗಳಿಗೆ ನೀರು ಚಿಮುಕಿಸುತ್ತಿದ್ದರು.

"ಪುಸ್ತಕ ಕೊಡ್ರಿ, ಹೋಗ್ತೇವಿ," ಎಂದೆ. ಮಾವ ನನ್ನ ಕಡೆ ನೋಡಲೇ ಇಲ್ಲ. "ಟವೆಲ್ ಬ್ಯಾಡ, ಬಾಯಿಲೇ ಹೇಳ್ರಿ," ಎಂದ. ಮೌಲಾಸಾಬ ನಮ್ಮಿಬ್ಬರನ್ನೂ ನೋಡಿ ಅನುಮಾನಿಸಿದ. "ಮನಿಯಾಗ ಕೇಳಿ ಬಂದೀರಿಲ್ಲೋ?" ಎಂದ. "ಮನಿ ಯಜಮಾನ ನಾ ಅದೇನಿ," ಎಂದ ಮಾವ. ಸೈಕಲ್ ಬಂದು ಮೇಲೆ ಮಿಗುವಷ್ಟು ಬೆಲೆಯನ್ನು ಮೌಲಾಸಾಬ ಹೇಳಿದ್ದೇ ತಡ, ಮಾವ ಪುಸ್ತಕ ಕೊಟ್ಟೇಬಿಟ್ಟ. ನಾನು ಪುಸ್ತಕ ಕಸಿದುಕೊಳ್ಳಲು ಹೋದರೆ ಕಪಾಳಕ್ಕೆ ಬಾರಿಸಿದ. "ಸತ್ತ ಕೂಸು ಬಂದು ಓದತೈತೇನಲೇ?" ಎಂದ.

ಆಣೆ ಮುರಿದದ್ದಕ್ಕಾಗಲಿ, ಹೊಡೆದದ್ದಕ್ಕಾಗಲಿ ನನಗೆ ಇಷ್ಟು ಸಿಟ್ಟಿಲ್ಲ. ಆ ಟವೆಲ್ಲಿನ ಕೆಳಗೆ ನನಗಿಂತ ಮೊದಲು ಅವನ ಕೈ ಹೋಗಿತ್ತು. ಹೆತ್ತ ಅಪ್ಪನ ಕೈ. ಒಳಗೆ ಏನು ಸಿಕ್ಕಿತು ಎಂದು ಬಸ್ ಸ್ಟ್ಯಾಂಡಿನಲ್ಲಿ ಅವನ ಅಂಗಿ ಹಿಡಿದು ಕೇಳಿದೆ. ಬಾಯಿ ಬಿಡಲಿಲ್ಲ, ಸಾಯುವ ತನಕವೂ ಬಿಡಲಿಲ್ಲ. ಏನೂ ಸಿಗದಿದ್ದರೆ ಕೈಯನ್ನು ಯಾಕೆ ಎಳೆದುಕೊಂಡ? ಸಿಕ್ಕಿದ್ದರೆ, ಅದನ್ನು ಕೊಡವಿಕೊಂಡು ಅದೇ ಕೈಯಲ್ಲಿ ಹಣ ಹೇಗೆ ತೆಗೆದುಕೊಂಡ? ಥೂ, ಅವನ ಸೈಕಲ್ಲಿಗೆ ಬೆಂಕಿ ಬೀಳಲಿ.

ತಿಳಿದವರು ಕೆಲವರು ನನಗೆ ಬುದ್ಧಿ ಹೇಳಿದ್ದಾರೆ. ನಿನ್ನ ತಲೆ ಬಿಸಿಯಾಗಿತ್ತು, ಬೆರಳು ಜೋಮು ಹಿಡಿದಿರಬೇಕು ಎಂದಿದ್ದಾರೆ. ಇರಬಹುದು. ಹಾಗಾದರೆ ಮಾವನಿಗೂ ಅದೇ ಗಳಿಗೆಯಲ್ಲಿ ಜೋಮು ಹಿಡಿಯಿತೇ?

ಬರಿಗೈಯಲ್ಲಿ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಎದೆ ಬಡಿದುಕೊಳ್ಳುತ್ತಾಳೆ, ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪುಸ್ತಕದ ಮಾತೇ ಎತ್ತಲಿಲ್ಲ. ನನ್ನ ಬೆರಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಕೈ ಸುಡತಿತ್ತೇನೋ?" ಎಂದು ಕೇಳಿದಳು.

ಗಿರಿಜಾ ಹೋದದ್ದು ಜ್ವರದಲ್ಲಿ. ಕೊನೆಯ ಉಸಿರಿನ ತನಕ ಅವಳ ಮೈ ಹೆಂಚಿನ ಹಾಗೆ ಕಾದಿತ್ತು, ಅಕ್ಕ ಒದ್ದೆ ಬಟ್ಟೆ ಹಾಕಿ ಹಾಕಿ ಸೋತಿದ್ದಳು. ನನ್ನ ಬೆರಳು ಹಿಡಿದ ಆ ಮುಷ್ಟಿ ಹಾಗಿರಲಿಲ್ಲ.

"ಇಲ್ಲಕ್ಕಾ, ತಣ್ಣಗಿತ್ತು," ಎಂದೆ.

"ಹಂಗಾರ ಜ್ವರ ಬಿಟ್ಟೈತಿ," ಎಂದಳು ಅಕ್ಕ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಹೊತ್ತಿಸಲು ಎದ್ದು ಹೋದಳು.