ಮಲಗಿಸಿ ತೆಗೆದ ಮಂಡಿ

ಎಕ್ಸ್‌ರೇ ಕೋಣೆಯ ಪಕ್ಕದ ಕಿಟಕಿಯಲ್ಲಿ ಕೂತು ಚೀಟಿ ಬರೆಯುವುದು ನನ್ನ ಕೆಲಸ. ಒಳಗೆ ಫಿಲ್ಮ್ ತೆಗೆಯುವವನಿಗೆ ರೋಗಿಗಳು ಇಟ್ಟ ಹೆಸರು ನಿಲ್ಲಿಸಪ್ಪ. ಮಂಡಿನೋವು ಅಂತ ಬಂದವರು ಎಷ್ಟೇ ನರಳಲಿ, ಮೇಜಿನ ಮೇಲೆ ಮಲಗಲು ಬಿಡುವ ಆಸಾಮಿಯಲ್ಲ. ನಿಂತಾಗ ಮೈಭಾರ ಬಿದ್ದು ಎರಡು ಮೂಳೆಗಳ ನಡುವಿನ ಸಂದು ಎಷ್ಟು ಸವೆದಿದೆ ಎಂಬುದು ಕಾಣುತ್ತದೆ. ಮಲಗಿದರೆ ಅದೇ ಸಂದು ಅಗಲವಾಗಿ ಕಂಡು ಸುಳ್ಳು ಹೇಳುತ್ತದೆ.

"ನಿನ್ನೆದೆ ಏನು ಕಲ್ಲಾ?" ಎಂದು ಒಬ್ಬ ಅಜ್ಜಿ ಬೈದಿದ್ದಳು.

"ಹೌದಜ್ಜಿ, ಅದರದ್ದೂ ಒಂದು ಫಿಲ್ಮ್ ತೆಗೆದಿಟ್ಟಿದೀನಿ. ಭಾರ ಎರಡೂ ಕಾಲ್ಮೇಲೆ ಬಿಡಿ."

ಆ ಫಿಲ್ಮ್ ನೋಡಿ ಮೂಳೆ ಡಾಕ್ಟರು ಸೊನ್ನೆಯಿಂದ ನಾಲ್ಕರವರೆಗೆ ಗ್ರೇಡ್ ಹಾಕುತ್ತಾರೆ. ಸೊನ್ನೆ ಅಂದರೆ ಮಂಡಿ ನೆಟ್ಟಗಿದೆ. ಎರಡಕ್ಕೆ ಬರುವಷ್ಟರಲ್ಲಿ ಮೂಳೆಯಂಚಿನಲ್ಲಿ ಮುಳ್ಳು ಹುಟ್ಟಿರುತ್ತದೆ. ನಾಲ್ಕಕ್ಕೆ ಸಂದೇ ಮಾಯ, ಮೂಳೆಗೆ ಮೂಳೆ ಉಜ್ಜುತ್ತಿರುತ್ತದೆ. ನಮ್ಮಲ್ಲಿ ಪುಕ್ಕಟೆ ಆಪರೇಷನ್ ನಾಲ್ಕು ಬಿದ್ದವರಿಗೆ ಮಾತ್ರ. ಆ ಪಟ್ಟಿ ಮಾಡುವುದು ವರ್ಷಕ್ಕೊಂದೇ ಸಲ.

ಪಟ್ಟಿಗೆ ಸಹಿ ಬೀಳುವ ದಿನವೇ ಬೆಳಿಗ್ಗೆ ನಿಲ್ಲಿಸಪ್ಪನ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಬಲಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ನಿಲ್ಲಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮಾಲೀಕ ಕಡ್ಡಿ ಮುರಿದಂತೆ ಹೇಳಿದ್ದ. ಈ ಸಲ ಪಟ್ಟಿಗೆ ಸೇರದಿದ್ದರೆ ಅವಳ ಕೆಲಸ ಹೋದಂತೆಯೇ.

ಒಳಗೆ ಹೋದವಳು ಒಂದು ಸಲ "ಅಮ್ಮಾ" ಎಂದು ಕೂಗಿದ್ದು ನನಗೆ ಕಿಟಕಿಯಲ್ಲೇ ಕೇಳಿಸಿತು. ಆಮೇಲೆ ಮೇಜು ಕಿರುಗುಟ್ಟಿತು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹನ್ನೊಂದೂವರೆಗೆ ಮೂಳೆ ಡಾಕ್ಟರು ಬಂದರು. "ನಿಮ್ಮಕ್ಕಂದು ಎರಡು ಕಣ್ರೀ. ಈ ಸಲ ಆಗಲ್ಲ. ಹನ್ನೆರಡಕ್ಕೆ ಪಟ್ಟಿಗೆ ಸಹಿ ಹಾಕ್ತೀನಿ."

ನಿಲ್ಲಿಸಿ ತೆಗೆದದ್ದೋ ಮಲಗಿಸಿ ತೆಗೆದದ್ದೋ ಎಂದು ಅವರು ಕೇಳಲಿಲ್ಲ. ಇವನನ್ನು ಯಾರು ತಾನೇ ಕೇಳುತ್ತಾರೆ? ಇವನು ತೆಗೆದ ಮಂಡಿ ಅಂದರೆ ನಿಂತದ್ದೇ ಎಂದು ಇಡೀ ಆಸ್ಪತ್ರೆಗೆ ಗೊತ್ತು.

ಅವನ ಮುಖ ಬಿಳಿಚಿಕೊಂಡಿತು. ನನಗೆ ಮೈಯೆಲ್ಲ ಉರಿಯಿತು. "ಮಲಗಿಸಿದ್ಯಾ?" ಎಂದೆ. ಹೌದೆಂದು ತಲೆಯಾಡಿಸಿದ. "ಹಾಗಿದ್ರೆ ಬಾಯಿಬಿಡೋ! ಡಾಕ್ಟರು ಹೊರಟ್ರು!"

ಹದಿನೆಂಟು ವರ್ಷ ಕಾಪಾಡಿಕೊಂಡ ಹೆಸರು ಅಡ್ಡ ಬಂದಿತ್ತು. ಡಾಕ್ಟರು ಮೆಟ್ಟಿಲ ಹತ್ತಿರ ಹೋದ ಮೇಲೆ ಕೂಗಿದ. "ಸರ್, ಫಿಲ್ಮ್ ತಪ್ಪು. ಮಲಗಿಸಿ ತೆಗೆದೆ."

"ನೀವಾ?" ಎಂದರು ಡಾಕ್ಟರು. ಬೈದಿದ್ದರೇ ವಾಸಿಯಿತ್ತು. ಗಡಿಯಾರ ನೋಡಿ, "ಹನ್ನೆರಡರೊಳಗೆ ಇನ್ನೊಂದು ತೆಗೀರಿ" ಎಂದು ಹತ್ತಿ ಹೋದರು.

ನಾನು ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಓಡಿದೆ. ಅಕ್ಕ ಬಸ್ಸಿನ ಮೆಟ್ಟಿಲಿಗೆ ಕಾಲಿಡುತ್ತಿದ್ದಳು. ಹೇಗೋ ತಡೆದು, ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಾಗ ಹನ್ನೆರಡಕ್ಕೆ ಎಂಟು ನಿಮಿಷ.

ಕಂಬಿ ಹಿಡಿದು ನಿಂತಳು. ಭಾರವೆಲ್ಲ ಎಡಗಾಲಿನ ಮೇಲೆ.

"ಅಕ್ಕ, ಬಲಗಾಲಿಗೂ ಬಿಡು."

"ಬಿಟ್ಟಿದೀನಲ್ಲೋ."

"ಇಲ್ಲಕ್ಕ. ಹೀಗೇ ತೆಗೆದ್ರೆ ಮತ್ತೆ ಎರಡೇ ಬರತ್ತೆ."

ಅವಳು ಸೆರಗು ಬಾಯಿಗೆ ತುರುಕಿಕೊಂಡು ಬಲಗಾಲು ಊರಿದಳು. ಕಂಬಿ ಅಲುಗಿತು. ಅವನು ಓಡಿಹೋಗಿ ಗುಂಡಿ ಒತ್ತಿದ.

ಪರದೆಯ ಮೇಲೆ ಸಂದೇ ಇರಲಿಲ್ಲ. "ನಾಲ್ಕು!" ಎಂದು ಅವನು ಕುಣಿದುಬಿಟ್ಟ. ನಾನೂ ಕೈತಟ್ಟಿದೆ. ಮರುಗಳಿಗೆಯೇ ಇಬ್ಬರಿಗೂ ನಾಚಿಕೆಯಾಯಿತು. ಒಬ್ಬ ಹೆಂಗಸಿನ ಮಂಡಿ ಪೂರ್ತಿ ಹಾಳಾಗಿದೆ ಎಂದು ಹಿಗ್ಗುವ ಪಾಪಿಗಳು ನಾವು. ಫಿಲ್ಮನ್ನು ಡಾಕ್ಟರಿಗೆ ಕಳಿಸಿದ ಮೇಲೆ ಮಹಡಿಯಿಂದ ಅವರ ಫೋನ್ ಬಂತು. ಪಟ್ಟಿಯ ಕೊನೆಯಲ್ಲಿ ಅವಳ ಹೆಸರು ಸೇರಿತ್ತು.

ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಅಕ್ಕ ಕೇಳಿದಳು. "ಎಲ್ಲರನ್ನೂ ನಿಲ್ಲಿಸೋನು, ಬೆಳಿಗ್ಗೆ ನನ್ನನ್ಯಾಕೋ ಮಲಗಿಸ್ದೆ?"

"ನಿನ್ನ ಸಂಕಟ ನೋಡಕ್ಕಾಗ್ಲಿಲ್ಲ ಅಕ್ಕ" ಎಂದು ಅವನು ಅತ್ತೇಬಿಟ್ಟ.

ಅವಳಿಗೆ ಸಿಟ್ಟು ಬಂತು. "ನಿಂತು ನಿಂತೇ ಕಣೋ ನಿನ್ನನ್ನ ಓದಿಸಿದ್ದು ನಾನು. ಒಂದು ನಿಮಿಷ ನಿಲ್ಲಕ್ಕಾಗಲ್ಲ ಅಂತ ಹೇಳಕ್ಕೆ ನೀನ್ಯಾರೋ?"