ದಾಟಬಾರದ ಒಲೆ

ಮೊನ್ನೆ ರಾಯಚೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಿಂದ ಬಿಸಿ ಜೋಳದ ರೊಟ್ಟಿಯ ವಾಸನೆ ಬಂತು ನೋಡಿ, ಯರಗೇರಾದ ಬಸ್ಸು ಕಣ್ಣೆದುರೇ ಹೊರಟುಹೋದರೂ ನಾನು ಕದಲಲಿಲ್ಲ. ಯರಗೇರಾದ ಕಾಲೇಜಿನಲ್ಲಿ ಮಕ್ಕಳಿಗೆ ಶಾಂತಿ, ನ್ಯಾಯದ ಚಳವಳಿಗಳ ಇತಿಹಾಸ ಹೇಳುವುದು ನನ್ನ ಹೊಟ್ಟೆಪಾಡು. ಉಪ್ಪಿಗಾಗಿ ನಡೆದವರು, ಮರ ತಬ್ಬಿ ನಿಂತವರು, ಎಲ್ಲರನ್ನೂ ವರ್ಷ ವರ್ಷ ಪಾಠ ಮಾಡಿದ್ದೇನೆ. ಆದರೆ ಆ ವಾಸನೆಗೆ ನೆನಪಾದದ್ದು ಬಾಗಲವಾಡದ ನಮ್ಮ ದೊಡ್ಡವ್ವ.

ನಮ್ಮೂರಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ಸಾರಾಯಿ ಅಂಗಡಿ ಇತ್ತು. ಕವಿತಾಳದ ಹೈಸ್ಕೂಲಿಗೆ ಹೋಗುವ ನಾವು ಅದರ ಮುಂದೆಯೇ ಬಸ್ಸು ಕಾಯಬೇಕು. ಒಂದು ಬೆಳಿಗ್ಗೆ ಕುಡುಕನೊಬ್ಬ ನನ್ನ ಜಡೆ ಹಿಡಿದೆಳೆದ. ಅಳುತ್ತ ಮನೆಗೆ ಬಂದರೆ ಅಪ್ಪ, "ಸಾಲಿ ಸಾಕು, ಇನ್ನ ಮನ್ಯಾಗ ಇರು" ಎಂದುಬಿಟ್ಟ. ಕೋಣಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ! ದೊಡ್ಡವ್ವ ನನ್ನ ಮೂಗು ಒರೆಸಿ, "ಅಳಬ್ಯಾಡ. ಸಾಲಿ ನೀ ಬಿಡೂದಿಲ್ಲ, ಅಂಗಡಿ ಊರು ಬಿಡ್ತದ" ಎಂದಳು.

ಅಂಗಡಿ ತೆಗೆಸಿರೆಂದು ಹೆಂಗಸರು ಅರ್ಜಿ ಕೊಟ್ಟು, ಕೂಗಿ, ಗಂಟಲು ಹರಿದುಕೊಂಡದ್ದೆಲ್ಲ ಅದಕ್ಕೂ ಮೊದಲೇ ಆಗಿತ್ತು; ಯಾರೂ ಕಿವಿಗೊಟ್ಟಿರಲಿಲ್ಲ. ಮರುದಿನ ನಸುಕಿನಲ್ಲೇ ದೊಡ್ಡವ್ವ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಮೂರು ಕಲ್ಲಿಟ್ಟು ಒಲೆ ಹೂಡಿ, ರೊಟ್ಟಿ ಬಡಿಯಲು ಕೂತಳು. ಓಣಿಯ ಹೆಂಗಸರೂ ಹಿಟ್ಟಿನ ಬುಟ್ಟಿ ಹೊತ್ತು ಬಂದರು. ನಮ್ಮ ಕಡೆ ಉರಿಯುವ ಒಲೆಯನ್ನು ಯಾರೂ ದಾಟುವುದಿಲ್ಲ, ಅದಕ್ಕೆ ಕಾಲು ಸೋಕಿಸುವುದೂ ಇಲ್ಲ. ಕುಡಿಯಲು ಬಂದವರು ದೂರ ನಿಂತು ತಲೆ ಕೆರೆದುಕೊಂಡರು. ಎಬ್ಬಿಸಲು ಬಂದ ಪೊಲೀಸಪ್ಪ ಪುಂಡಿಪಲ್ಯದ ಜೊತೆ ರೊಟ್ಟಿ ಉಂಡು, "ಇನ್ನೊಂದು ಹಾಕ್ರೆವ್ವಾ" ಎಂದ. ನಾನು ಬಡಿದ ಹರಕು ರೊಟ್ಟಿ ಪಾಲಿಗೆ ಬಂದರೂ ಪಾಪ, ಅವನು ತಕರಾರು ಮಾಡಲಿಲ್ಲ.

ಕೆಲವು ದಿನ ಹೀಗೇ ನಡೆದ ಮೇಲೆ ಅಂಗಡಿಯ ಸಾವ್ಕಾರನೇ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂಗಾಡುತ್ತ ಬಂದ. "ಒಲಿ ಎತ್ರೆವ್ವಾ, ಯಾಪಾರ ಹಾಳಾಗಾಕತ್ತದ!"

"ಒದ್ದು ಒಳಗ ಹೋಗ್ರಿ ಸಾವ್ಕಾರ್ರೀ, ಬ್ಯಾಡಂದವ್ರು ಯಾರು?" ಎಂದಳು ದೊಡ್ಡವ್ವ.

ಅವನು ಒದೆಯಲಿಲ್ಲ. ಅಷ್ಟು ಸಿಟ್ಟಿನಲ್ಲೂ ಒಲೆಯ ಹತ್ತಿರ ಬರುತ್ತಲೇ ರೂಢಿಯಂತೆ ಚಪ್ಪಲಿ ಕಳಚಿ ನಿಂತಿದ್ದ. ಅದನ್ನು ಕಂಡು ಹೆಂಗಸರೆಲ್ಲ ನಕ್ಕರು, ಕಡೆಗೆ ಅವನೂ ನಕ್ಕ. ಆ ವರ್ಷದ ಜೋಳದ ಸುಗ್ಗಿ ಮುಗಿಯುವುದರೊಳಗೆ ಅಂಗಡಿ ಊರು ಬಿಟ್ಟಿತು. ಅದಕ್ಕೂ ಮೊದಲೇ ಅಪ್ಪ ಒಂದು ಮುಂಜಾನೆ ತಾನೇ ನನ್ನ ಪಾಟಿಚೀಲ ತಂದು ಕೈಗಿಟ್ಟಿದ್ದ.

ಮೊನ್ನೆ ಮುಂದಿನ ಬಸ್ಸಿಗೆ ಹೋಗಿ, ಪುಸ್ತಕ ಮುಚ್ಚಿಟ್ಟು, ತರಗತಿಯಲ್ಲಿ ಇದನ್ನೇ ಹೇಳಿದೆ. ಸಂಜೆ ದೊಡ್ಡವ್ವನಿಗೆ ಫೋನು ಮಾಡಿ ಸುದ್ದಿ ತಿಳಿಸಿದರೆ ಅವಳಿಗೆ ನಗುವೋ ನಗು.

"ಯವ್ವಾ, ಒಲಿ ಸುದ್ದಿ ಹೇಳಿದ್ರ ನಿನಗ ಪಗಾರ ಕೊಡ್ತಾರೇನು?"

"ಆ ಒಲಿ ಹೂಡಿದ್ದಕ್ಕೇ ದೊಡ್ಡವ್ವಾ, ಇವತ್ತು ನನಗ ಪಗಾರ ಬರಾಕತ್ತದ."

ದೊಡ್ಡವ್ವ ನಗು ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಉಂಡೀಯೇನವ್ವಾ?"